ಒಂದೇ ಮನೆಯ ಹಲವು ಹೆಸರುಗಳು

ಅಂತರ್ಜಾಲವು ಎಂಜಿನಿಯರಿಂಗ್ ಓದಿದವರ ಸ್ವತ್ತು, ಕಲಾ ವಿಭಾಗದವರಾದ ನಾವು ಅದರ ಗಿರಾಕಿಗಳು ಮಾತ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದುದರಿಂದ ನಾವು ಬರೆದುದನ್ನೆಲ್ಲ ಯಾರದೋ ಜಗಲಿಯಲ್ಲಿಟ್ಟು ಬರುತ್ತೇವೆ. ಆ ಮನೆಯ ಯಜಮಾನ ನಾಳೆ ಬಾಗಿಲು ಹಾಕಿಕೊಂಡರೆ ಮಾಡುವುದೇನು? ಯಾಹೂ ಸಂಸ್ಥೆಯು 2009ರಲ್ಲಿ ತನ್ನ ಜಿಯೋಸಿಟೀಸನ್ನು ಮುಚ್ಚಿದಾಗ, ಜನಸಾಮಾನ್ಯರು ಅಲ್ಲಿ ಕಟ್ಟಿಕೊಂಡಿದ್ದ ಲಕ್ಷಾಂತರ ಪುಟಗಳು ನೆಲೆ ಕಳೆದುಕೊಂಡುವು. ನಮ್ಮ ಬರಹಗಳಿಗೆ ನಮ್ಮ ಮನೆಯಲ್ಲಿಯೇ ಎಡೆಯಿರಬೇಕು. ಒಂದೇ ಮನೆಯ ಸರ್ವರಿನಲ್ಲಿ ನಾಲ್ವರ ಜಾಲತಾಣಗಳಿಗೂ ಎಡೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಹೇಗೆ ಸಾಧ್ಯವೆಂದು ಕೇಳಬಹುದು. ನಮ್ಮ ನರಿಮೊಗರಿನ ಅಂಚೆಯನ್ನೇ ನೆನೆಯೋಣ. ಒಂದೇ ಮನೆಗೆ ಅಜ್ಜನ ಹೆಸರಿಗೂ ಚಿಕ್ಕಪ್ಪನ ಹೆಸರಿಗೂ ಕಾಗದ ಬರುತ್ತದೆ. ಅಂಚೆಯವನು ಹತ್ತುವ ಮೆಟ್ಟಿಲು ಒಂದೇ. ಲಕೋಟೆಯ ಮೇಲಿನ ಹೆಸರು ನೋಡಿ ಹಂಚುವುದು ಮನೆಯವರ ಕೆಲಸ. ಸರ್ವರ್ ಮಾಡುವುದೂ ಇದನ್ನೇ. ಹಲವು ತಾಣಗಳ ಹೆಸರುಗಳು ಒಂದೇ ಸಂಖ್ಯಾವಿಳಾಸವನ್ನು ತೋರಿಸುತ್ತವೆ. ಓದುಗನ ಬ್ರೌಸರು ತನಗೆ ಬೇಕಾದ ತಾಣದ ಹೆಸರನ್ನು ಕೋರಿಕೆಯಲ್ಲಿಯೇ ಬರೆದು ಕಳುಹಿಸುತ್ತದೆ. 1997ರ ಎಚ್‌ಟಿಟಿಪಿ 1.1 ನಿಯಮಾವಳಿಯು ಹೀಗೆ ಹೆಸರು ಬರೆಯುವುದನ್ನು ಕಡ್ಡಾಯ ಮಾಡಿತು. ಅಪಾಚೆ, ಎಂಜಿನ್‌ಎಕ್ಸ್ ಮೊದಲಾದ ಉಚಿತ ತಂತ್ರಾಂಶಗಳು ಆ ಹೆಸರನ್ನು ಓದಿ, ಅದಕ್ಕೆ ಸೇರಿದ ಫೋಲ್ಡರಿನಿಂದ ಪುಟವನ್ನು ತೆಗೆದು ಕೊಡುತ್ತವೆ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಮೂಲೆ ಸೇರಿದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರೆ ಸಾಕು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಯಂತ್ರವಾದರೆ ಒಂದು ಎಲ್‌ಇಡಿ ದೀಪದಷ್ಟು ವಿದ್ಯುತ್ತಿನಲ್ಲಿಯೇ ನಡೆಯುತ್ತದೆ. ತಾಣಕ್ಕೆ ಬೇಕಾದ ಭದ್ರತಾ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಉಚಿತವಾಗಿ ಕೊಡುತ್ತಿದೆ. ಮನೆಯ ಅಂತರ್ಜಾಲ ಸಂಪರ್ಕವನ್ನು ಬಿಟ್ಟರೆ, ವರ್ಷವರ್ಷವೂ ಹಣ ತೆರಬೇಕಾದುದು ಮುಖ್ಯವಾಗಿ ಹೆಸರಿಗೆ.

ಹಲವು ತಾಣಗಳೇಕೆ, ಒಂದೇ ದೊಡ್ಡ ತಾಣ ಸಾಲದೇ ಎಂದು ಕೆಲವು ಮಿತ್ರರು ಕೇಳುತ್ತಾರೆ. ಸಾಲದು. ಅಜ್ಜಿಯರ ಬಾಯಿಂದ ಬರೆದುಕೊಂಡ ಪಾಡ್ದನಗಳ ಓದುಗರು ಬೇರೆ, ತೋಟದವರು ಬರೆದಿಡುವ ಮಳೆಯ ಲೆಕ್ಕವನ್ನು ನೋಡುವವರು ಬೇರೆ, ತಾಳಮದ್ದಳೆ ಎಲ್ಲಿದೆಯೆಂದು ಹುಡುಕುವವರು ಬೇರೆ. ಎಲ್ಲವನ್ನೂ ಒಬ್ಬರ ಕೈಗೆ ಕೊಟ್ಟರೆ ಮಿಕ್ಕವರು ಮತ್ತೆ ಜಗಲಿಯ ಅತಿಥಿಗಳಾಗುತ್ತಾರೆ. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಾಗ ಕೃಷಿಕರ ಕೈಗೇ ಲೇಖನಿ ಬಂದಿತು; ಇಲ್ಲಿಯೂ ಅದೇ ನ್ಯಾಯ ಸಲ್ಲಬೇಕು. ಸೂರು ಒಂದೇ ಆದರೂ ಪ್ರತಿ ತಾಣಕ್ಕೂ ಬೇರೆ ಫೋಲ್ಡರು, ಬೇರೆ ಬಳಕೆದಾರ, ಬೇರೆ ಪಾಸ್‌ವರ್ಡ್ ಇರಲಿ. ಆಗ ಒಂದು ಕೋಣೆಗೆ ಕಳ್ಳ ನುಗ್ಗಿದರೂ ಉಳಿದ ಕೋಣೆಗಳು ಸುಲಭದಲ್ಲಿ ತೆರೆಯವು. ಯಕ್ಷಗಾನ ಸಂಘದವರು ನಾಳೆ ಬೇರೆ ಮನೆ ಮಾಡಿದರೆ, ತಮ್ಮ ಫೋಲ್ಡರನ್ನು ಕೊಂಡೊಯ್ದು ಹೆಸರಿಗೆ ಹೊಸ ವಿಳಾಸ ಕೊಟ್ಟರಾಯಿತು. ಓದುಗರು ಹಳೆಯ ಹೆಸರಿನಲ್ಲಿಯೇ ಬರುತ್ತಾರೆ.

ಅಡಚಣೆಗಳಿಲ್ಲವೆಂದಲ್ಲ. ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದರು. ಅದನ್ನು ಆರಿಸಕೂಡದೆಂದು ಆ ಯಂತ್ರದ ಮೇಲೆ ಚೀಟಿಯನ್ನೂ ಅಂಟಿಸಲಾಗಿತ್ತು. ನಮ್ಮಲ್ಲಿ ಅಂತಹ ಚೀಟಿಯಿಂದ ಪ್ರಯೋಜನವಿಲ್ಲ. ಆಟಿಯ ಮಳೆಗೆ ಕರೆಂಟು ಯಾರನ್ನೂ ಕೇಳಿ ಹೋಗುವುದಿಲ್ಲ. ಪತ್ತನಾಜೆಯ ಆಸುಪಾಸಿನ ಸಿಡಿಲಿಗೆ ರೂಟರೇ ಸುಡುವುದುಂಟು. ಸಾಲದುದಕ್ಕೆ, ಅನೇಕ ಕಡೆ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುವುದರಿಂದ ಹೊರಗಿನ ಕೋರಿಕೆ ನಮ್ಮ ಬಾಗಿಲನ್ನು ಮುಟ್ಟದು. ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕಾಗುತ್ತದೆ. ಆದರೂ ಇನ್‌ವರ್ಟರೊಂದಿದ್ದು, ಎಲ್ಲ ಫೋಲ್ಡರುಗಳ ಪ್ರತಿಯನ್ನು ವಾರಕ್ಕೊಮ್ಮೆ ಇನ್ನೊಬ್ಬರ ಮನೆಯಲ್ಲಿ ಇಟ್ಟರೆ, ಒಂದು ದಿನ ತಾಣ ಕಾಣದೆ ಹೋದರೂ ಬರಹ ಅಳಿಯುವುದಿಲ್ಲ. ತಾಣ ಒಂದು ದಿನ ಮುಚ್ಚಿರುವುದಕ್ಕೂ ಬರಹವೇ ಇಲ್ಲವಾಗುವುದಕ್ಕೂ ಬಹಳ ಅಂತರವಿದೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಕ್ಷರ ತಿಳಿಯದ ನನ್ನ ಅಜ್ಜಿಗೆ ಬರುವಷ್ಟು ಪಾಡ್ದನ ನಮ್ಮಲ್ಲಿ ಇನ್ನಾರಿಗೂ ಬಾರದು. ಅದನ್ನು ಬರೆದಿಡುವ ವಿದ್ಯೆಯನ್ನು ಕಾಲೇಜು ಕೊಟ್ಟಿದೆ. ಕಾಪಾಡುವ ವಿದ್ಯೆಯನ್ನೂ ನಾವೇ ಕಲಿಯಬೇಕು. ಈ ಬೇಸಿಗೆಯ ರಜೆಯಲ್ಲಿ ನಾಲ್ಕಾರು ವಿದ್ಯಾರ್ಥಿಗಳು ಒಂದು ಮನೆಯಲ್ಲಿ ಸೇರಿದರೆ ಕೆಲಸ ಆರಂಭವಾದಂತೆಯೇ. ಮೊದಲ ಫೋಲ್ಡರು ನಮ್ಮ ಗ್ರಂಥಾಲಯದಲ್ಲಿ ಗೆದ್ದಲಿಗೆ ಅಂಜಿ ಕುಳಿತಿರುವ ಹಳೆಯ ವಾರ್ಷಿಕ ಸಂಚಿಕೆಗಳದಾಗಲಿ. ಅಧ್ಯಾಪಕರು ಅನುಮತಿ ಕೊಟ್ಟರೆ, ಕೈಹಚ್ಚಲು ನಾವು ಸಿದ್ಧರಿದ್ದೇವೆ.