ದಿನಕ್ಕೆ ಒಂದೇ ಚಿತ್ರ

ಗೆಳೆಯರಿಬ್ಬರು ಹೋಗುತ್ತಿದ್ದಾಗ ಎದುರಿಗೆ ಸರ್ಕಸ್ಸಿನ ಆನೆಗಳು ಸಿಕ್ಕವು. ಮಹಾನಗರದಲ್ಲಿ ಆನೆ ಎಂದರೆ ದಿನವೂ ಕಾಣುವ ದೃಶ್ಯವೇ? ‘ಇವತ್ತಿನ ಚಿತ್ರ ಸಿಕ್ಕಿತಲ್ಲ, ತೆಗೆ’ ಎಂದು ಒಬ್ಬ ಹುರಿದುಂಬಿಸಿದ. ಇನ್ನೊಬ್ಬ ಒಪ್ಪಲಿಲ್ಲ. ಆ ದಿನ ಮಧ್ಯಾಹ್ನದ ಊಟದ ಚಿತ್ರ ತೆಗೆದಾಗಿತ್ತು. ದಿನಕ್ಕೆ ಒಂದು ಎಂದರೆ ಒಂದೇ. ಆನೆ ಇರಲಿ, ಐರಾವತವೇ ಇಳಿದು ಬಂದರೂ ಎರಡನೆಯದು ಇಲ್ಲ.

ಹೀಗೆ ಆನೆಯನ್ನು ಬಿಟ್ಟು ಊಟದ ತಟ್ಟೆಯನ್ನು ಉಳಿಸಿಕೊಂಡ ಆಸಾಮಿಯ ಹೆಸರು ಜೇಮಿ ಲಿವಿಂಗ್‌ಸ್ಟನ್. ನ್ಯೂಯಾರ್ಕಿನ ಚಲನಚಿತ್ರ ಛಾಯಾಗ್ರಾಹಕ, ಸರ್ಕಸ್ ಕಲಾವಿದನೂ ಹೌದು. ಆನೆಯ ಪ್ರಸಂಗವನ್ನು ಬಹಳ ವರ್ಷಗಳ ನಂತರ ಹೇಳಿದವನು ಆತನ ಗೆಳೆಯ ಹ್ಯೂ ಕ್ರಾಫರ್ಡ್. ಹೇಳುವ ಹೊತ್ತಿಗೆ ಜೇಮಿ ಇರಲಿಲ್ಲ.

ಜೇಮಿ ಶುರು ಮಾಡಿದ್ದು 1979ರ ಮಾರ್ಚ್ 31ರಂದು, ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಓದುತ್ತಿದ್ದಾಗ. ವಯಸ್ಸು ಇಪ್ಪತ್ತೆರಡು. ಸಂಕಲ್ಪ, ಪ್ರತಿಜ್ಞೆ ಇತ್ಯಾದಿ ಏನೂ ಇರಲಿಲ್ಲ. ಸುಮ್ಮನೆ ಚಿತ್ರ ತೆಗೆಯುತ್ತ ಹೋದ. ತಿಂಗಳ ನಂತರ ನೋಡಿಕೊಂಡರೆ ಹೆಚ್ಚು ಕಡಿಮೆ ದಿನಕ್ಕೊಂದರಂತೆ ಆಗಿತ್ತು. ಆಗಿದೆಯಲ್ಲ, ಹಾಗೇ ಮುಂದುವರಿಸೋಣ ಎಂದುಕೊಂಡ. ಅನೇಕ ಹವ್ಯಾಸಗಳು ಹೀಗೇ ಹಿಂಬಾಗಿಲಿನಿಂದ ಒಳಬರುತ್ತವೆ. ಜನವರಿ ಒಂದರಂದು ಮುಂಬಾಗಿಲಿನಿಂದ ಬಂದವು ಯುಗಾದಿಯವರೆಗೂ ಉಳಿಯುವುದು ಅಪರೂಪ.

ಆತನ ಕೈಯಲ್ಲಿದ್ದದ್ದು ಪೋಲರಾಯ್ಡ್ ಕಂಪೆನಿಯ ಎಸ್‌ಎಕ್ಸ್-70 ಕ್ಯಾಮೆರಾ. 1972ರಲ್ಲಿ ಬಂದ ಈ ಕ್ಯಾಮೆರಾವನ್ನು ಮಡಿಚಿದರೆ ಕೋಟಿನ ಜೇಬಿನಲ್ಲಿ ಇಡಬಹುದಿತ್ತು. ಇದರ ಹಿಂದೆ ಒಂದು ಮಗುವಿನ ಪ್ರಶ್ನೆ ಇದೆ. 1943ರಲ್ಲಿ ಪ್ರವಾಸದಲ್ಲಿದ್ದಾಗ ಎಡ್ವಿನ್ ಲ್ಯಾಂಡ್ ತನ್ನ ಮೂರು ವರ್ಷದ ಮಗಳ ಫೋಟೋ ತೆಗೆದರು. ಅದನ್ನು ಈಗಲೇ ಯಾಕೆ ನೋಡಬಾರದು ಎಂದು ಮಗಳು ಕೇಳಿದಳು. ಐದು ವರ್ಷಗಳ ನಂತರ, 1948ರಲ್ಲಿ, ಆ ಪ್ರಶ್ನೆಗೆ ಉತ್ತರವಾಗಿ ಮೊದಲ ಕ್ಯಾಮೆರಾ ಅಂಗಡಿಗೆ ಬಂತು. ಎಸ್‌ಎಕ್ಸ್-70 ಇನ್ನೂ ಒಂದು ಹೆಜ್ಜೆ ಮುಂದೆ. ಗುಂಡಿ ಒತ್ತಿದರೆ ಗಿರ್ರೆಂದು ಸದ್ದು; ಎರಡು ಉರುಳೆಗಳ ನಡುವೆ ರಾಸಾಯನಿಕದ ಪುಟ್ಟ ಚೀಲ ಒಡೆದು ಹಾಳೆಯೊಳಗೆ ಹರಡುತ್ತದೆ; ಬಿಳಿ ಅಂಚಿನ ಹಾಳೆ ಮುಂದಿನಿಂದ ಹೊರಬರುತ್ತದೆ; ನೋಡುತ್ತಿದ್ದಂತೆ ಬಣ್ಣ ಮೂಡುತ್ತದೆ. ನೆಗೆಟಿವ್ ಇಲ್ಲ. ಕೈಗೆ ಬಂದದ್ದೊಂದೇ ಪ್ರತಿ. ಅದು ಕಳೆದರೆ ಕಳೆಯಿತು.

ಒಂದು ಪ್ಯಾಕಿನಲ್ಲಿ ಹತ್ತು ಚಿತ್ರ. ಕ್ಯಾಮೆರಾಕ್ಕೆ ಬೇಕಾದ ಬ್ಯಾಟರಿಯೂ ಪ್ಯಾಕಿನೊಳಗೇ ಇರುತ್ತಿತ್ತು. ಅಂದರೆ ಹತ್ತು ದಿನಕ್ಕೊಂದು ಪ್ಯಾಕು. 36 ಚಿತ್ರಗಳ ಒಂದು ರೋಲನ್ನು ದೀಪಾವಳಿಗೆ ಹಾಕಿಸಿ, ಮುಂದಿನ ಮದುವೆಯವರೆಗೆ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು, ಕೊನೆಯ ಎರಡು ಚಿತ್ರ ‘ಮುಗಿಸಲೆಂದು’ ಬೆಕ್ಕಿನ ಕಡೆಗೋ ಹಿತ್ತಲಿನ ಬಾಳೆಗಿಡದ ಕಡೆಗೋ ತಿರುಗಿಸಿದ ನಮ್ಮ ಮನೆಗಳ ಹಿರಿಯರಿಗೆ ಈ ಖರ್ಚಿನ ಲೆಕ್ಕ ಚೆನ್ನಾಗಿ ಅರ್ಥವಾದೀತು. ತಮಾಷೆಯೆಂದರೆ, ಹಳೆಯ ಆಲ್ಬಮ್ಮುಗಳಲ್ಲಿ ಇಂದು ಎಲ್ಲರೂ ನಿಂತು ನೋಡುವುದು ಆ ಮುಗಿಸಲೆಂದು ತೆಗೆದ ಚಿತ್ರಗಳನ್ನೇ. ಮದುವೆಯ ಚಿತ್ರದಲ್ಲಿ ಎಲ್ಲರೂ ಸೆಟೆದು ನಿಂತಿರುತ್ತಾರೆ. ಬಾಳೆಗಿಡದ ಪಕ್ಕದಲ್ಲಿ ಅಜ್ಜಿ ನಿಜವಾಗಿ ಪಾತ್ರೆ ತಿಕ್ಕುತ್ತಿರುತ್ತಾಳೆ.

ಜೇಮಿಯ ಚಿತ್ರಗಳೂ ಇಂಥವೇ. ಗೆಳೆಯರು, ಗೆಳತಿಯರು, ತಿಂಡಿ, ಟೆಲಿವಿಷನ್ ಪರದೆ, ಶೂಟಿಂಗ್ ಸಲಕರಣೆ, ಮೆಟ್ಸ್ ತಂಡದ ಬೇಸ್‌ಬಾಲ್ ಪಂದ್ಯ. ಕೆಲವು ಮಸುಕು, ಕೆಲವು ಕತ್ತಲು. ಮತ್ತೊಮ್ಮೆ ತೆಗೆಯುವಂತಿಲ್ಲವಲ್ಲ! ಅನೇಕ ಚಿತ್ರಗಳಲ್ಲಿ ಆತನೇ ಇದ್ದಾನೆ. ಆಗ ಕ್ಯಾಮೆರಾ ಬೇರೆ ಯಾರದೋ ಕೈಯಲ್ಲಿತ್ತು. ಒಂದೊಂದಾಗಿ ನೋಡಿದರೆ ಪ್ರದರ್ಶನಕ್ಕೆ ಆರಿಸಬಹುದಾದವು ಕಡಿಮೆ ಎಂದು ಯಾವ ಪರಿಣತನೂ ಹೇಳಿಯಾನು. ಆದರೆ ಸಾಲಾಗಿ ಇಟ್ಟರೆ ಲೆಕ್ಕವೇ ಬೇರೆ. ತಲೆಗೂದಲು ಬದಲಾಗುತ್ತದೆ, ಮನೆ ಬದಲಾಗುತ್ತದೆ, ನಾಲ್ಕು ವರ್ಷ ಪದೇ ಪದೇ ಕಂಡ ಮುಖ ಒಂದು ದಿನದಿಂದ ಕಾಣುವುದೇ ಇಲ್ಲ.

ಇಂಥ ಹುಚ್ಚು ಆತನೊಬ್ಬನದೇ ಅಲ್ಲ. ತೈವಾನ್ ಮೂಲದ ತೇಚಿಂಗ್ ಶೇ ಎಂಬ ಕಲಾವಿದ ನ್ಯೂಯಾರ್ಕಿನಲ್ಲಿ 1980ರ ಏಪ್ರಿಲ್ 11ರಿಂದ ಒಂದು ವರ್ಷ ಗಂಟೆಗೊಮ್ಮೆ, ಹಗಲೂ ರಾತ್ರಿ, ಕಾರ್ಖಾನೆಯ ಹಾಜರಿ ಗಡಿಯಾರ ಒತ್ತಿ ತನ್ನದೊಂದು ಚಿತ್ರ ತೆಗೆದುಕೊಂಡ. 8,760 ಗಂಟೆಗಳಲ್ಲಿ ತಪ್ಪಿದ್ದು 133. ಬೋಳು ತಲೆಯಿಂದ ಆರಂಭಿಸಿದವನ ಕೂದಲು ವರ್ಷದ ಕೊನೆಗೆ ಹೆಗಲು ಮುಟ್ಟಿತ್ತು. ಎಲ್ಲ ಸೇರಿ ಸುಮಾರು ಆರು ನಿಮಿಷದ ಸಿನಿಮಾ. ಅದನ್ನು ಹವ್ಯಾಸ ಎನ್ನುವುದು ಕಷ್ಟ, ತಪಸ್ಸು ಎನ್ನಬೇಕು. ಬಾಸ್ಟನ್ನಿನ ಕಾರ್ಲ್ ಬೇಡನ್ 1987ರ ಫೆಬ್ರುವರಿ 23ರಿಂದ ದಿನವೂ ತನ್ನ ಮುಖದ ಚಿತ್ರ ತೆಗೆಯಲು ತೊಡಗಿದವರು. ಅದೇ ಬೆಳಕು, ಅದೇ ಭಾವರಹಿತ ಮುಖ. 2022ಕ್ಕೆ ಅದಕ್ಕೆ 35 ವರ್ಷ ತುಂಬಿತು. ನಡುವೆ ತಪ್ಪಿದ್ದು ಒಂದೇ ದಿನ, 1991ರ ಅಕ್ಟೋಬರ್ 15. ಉಳಿದ ದಿನಗಳ ತಾರೀಖು ಯಾರಿಗೂ ನೆನಪಿಲ್ಲ, ಆ ಒಂದು ದಿನದ್ದು ಮಾತ್ರ ದಾಖಲಾಗಿ ಉಳಿದಿದೆ!

ಕಥೆಯಲ್ಲೂ ಒಬ್ಬನಿದ್ದಾನೆ. ಪಾಲ್ ಆಸ್ಟರ್ ಚಿತ್ರಕಥೆ ಬರೆದ, 1995ರಲ್ಲಿ ಬಂದ ‘ಸ್ಮೋಕ್’ ಸಿನಿಮಾದಲ್ಲಿ ಬ್ರೂಕ್ಲಿನ್ನಿನ ಸಿಗರೇಟು ಅಂಗಡಿಯ ಆಗಿ ರೆನ್ ದಿನವೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತನ್ನ ಅಂಗಡಿಯ ಮೂಲೆಯದೇ ಚಿತ್ರ ತೆಗೆಯುತ್ತಾನೆ. ಒಂದೇ ಜಾಗದ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರ. ಲೇಖಕ ಗೆಳೆಯನೊಬ್ಬ ಆಲ್ಬಮ್ಮಿನ ಹಾಳೆಗಳನ್ನು ಸರಸರನೆ ತಿರುವುತ್ತಾನೆ, ಎಲ್ಲ ಒಂದೇ ಥರ ಎಂಬ ಬೇಸರದಲ್ಲಿ. ನಿಧಾನಿಸಿ ನೋಡದಿದ್ದರೆ ಏನೂ ಕಾಣದು ಎಂದು ಆಗಿ ಹೇಳುತ್ತಾನೆ. ಗೆಳೆಯ ನಿಧಾನಿಸುತ್ತಾನೆ. ಹಾಳೆ ತಿರುಗುತ್ತ ತಿರುಗುತ್ತ ಒಂದು ಚಿತ್ರದಲ್ಲಿ, ಆ ಬೀದಿಯಲ್ಲಿ ನಡೆದು ಹೋಗುತ್ತಿರುವ ತನ್ನ ಹೆಂಡತಿ ಕಾಣುತ್ತಾಳೆ. ಆಕೆ ಸತ್ತು ವರ್ಷಗಳಾಗಿವೆ.

ಒಂದೇ ಜಾಗ ಎಂದರೆ ಒಂದೇ ಚಿತ್ರ ಎಂದುಕೊಳ್ಳುವವರು ಅಂಗಳದಲ್ಲೇ ಪರೀಕ್ಷಿಸಬಹುದು. ಈಗಂತೂ ಕ್ಯಾಮೆರಾ ಎಲ್ಲರ ಕಿಸೆಯ ಮೊಬೈಲಿನಲ್ಲೇ ಇದೆ, ಫಿಲ್ಮಿನ ಖರ್ಚೂ ಇಲ್ಲ. ಪೂರ್ವಕ್ಕೆ ಕಿಟಕಿ ಇದ್ದರೆ ಅಲ್ಲಿಂದ ದಿನವೂ ಸೂರ್ಯೋದಯ ತೆಗೆಯಿರಿ. ಬೆಂಗಳೂರಿನ ಅಕ್ಷಾಂಶದಲ್ಲಿ ಜೂನ್‌ನಿಂದ ಡಿಸೆಂಬರಿಗೆ ಸೂರ್ಯ ಹುಟ್ಟುವ ಜಾಗ ಸುಮಾರು 48 ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ. ಎದುರು ಮನೆಯ ನೀರಿನ ಟ್ಯಾಂಕಿನ ಎಡಗಡೆ ಇದ್ದವನು ಬಲಗಡೆಯ ತೆಂಗಿನ ಮರ ದಾಟಿರುತ್ತಾನೆ. ತುಳಸಿಕಟ್ಟೆಯನ್ನು ನಡುಮಧ್ಯಾಹ್ನ ತೆಗೆಯುತ್ತ ಹೋದರೆ ಏಪ್ರಿಲ್ 24ರ ಆಸುಪಾಸಿನಲ್ಲಿ, ಮತ್ತೆ ಆಗಸ್ಟ್ 18ರ ಸುಮಾರಿಗೆ, ನೆಟ್ಟಗೆ ನಿಂತ ಕಂಬದ ನೆರಳೇ ಇಲ್ಲದ ಚಿತ್ರ ಸಿಗುತ್ತದೆ. ಬೀದಿಯ ಹೊಂಗೆಮರ ಬರಲಾಗುವುದಕ್ಕೂ ಮಿರುಗುವ ಹಸಿರು ಉಡುವುದಕ್ಕೂ ನಡುವೆ ಎಷ್ಟು ಕಡಿಮೆ ದಿನ ಎಂಬುದು ಆಗಲೇ ಲೆಕ್ಕಕ್ಕೆ ಸಿಗುವುದು.

ಆದರೆ ಖರ್ಚಿಲ್ಲದ್ದೇ ಇಂದಿನ ತೊಡಕು. ಆನೆ ಕಂಡರೆ ನಲವತ್ತು ಚಿತ್ರ, ಊಟಕ್ಕೆ ಹನ್ನೆರಡು. ಮೊಬೈಲು ಕೆಟ್ಟ ದಿನ ಎಲ್ಲವೂ ಒಟ್ಟಿಗೇ ಮಾಯ. ದಿನಕ್ಕೆ ಹತ್ತು ತೆಗೆಯುವುದು ಸುಲಭ, ಹತ್ತರಲ್ಲಿ ಒಂದನ್ನು ಇಟ್ಟುಕೊಂಡು ಒಂಬತ್ತನ್ನು ಅಳಿಸುವುದು ಕಷ್ಟ. ಅದಕ್ಕಿಂತ ಕಷ್ಟ ಜೇಮಿಯ ಪಂದ್ಯ: ಬೆಳಿಗ್ಗೆಯೇ ಒಂದನ್ನು ತೆಗೆದುಬಿಟ್ಟರೆ ಸಂಜೆ ಬರುವ ಆನೆ ತಪ್ಪುತ್ತದೆ, ಆನೆಗೆಂದು ಕಾದರೆ ಇರುಳಾಗಿ ಚಿತ್ರವೇ ತಪ್ಪುತ್ತದೆ. ಜ್ವರ ಬಂದ ದಿನ, ಜಗಳವಾದ ದಿನ, ಏನೂ ನಡೆಯದ ಮಂಗಳವಾರ, ಎಲ್ಲಕ್ಕೂ ಒಂದೇ ಹಾಳೆ.

1997ರ ಮೇ ತಿಂಗಳಲ್ಲಿ ಸಾಲಿನ ಬಣ್ಣ ಬದಲಾಗುತ್ತದೆ. ಆಸ್ಪತ್ರೆ ಕಾಣಿಸಿಕೊಳ್ಳುತ್ತದೆ. ಚರ್ಮದ ಕ್ಯಾನ್ಸರ್ ಹರಡಿ ಜೇಮಿಯ ಮೆದುಳಿನಲ್ಲಿ ಗಡ್ಡೆಯಾಗಿತ್ತು. ತಲೆಯ ಮೇಲೆ ಶಸ್ತ್ರಚಿಕಿತ್ಸೆಯ ಗಾಯ. ಆದರೂ ದಿನಕ್ಕೊಂದು ಚಿತ್ರ ನಿಲ್ಲಲಿಲ್ಲ. ಮನೆಗೆ ಮರಳಿದ ದಿನಗಳಿವೆ, ಮತ್ತೆ ಆಸ್ಪತ್ರೆಯ ದಿನಗಳಿವೆ. ಅಕ್ಟೋಬರ್ 5ರ ಚಿತ್ರದಲ್ಲಿ ಉಂಗುರ. ಎರಡು ದಿನ ಬಿಟ್ಟು ಅಕ್ಟೋಬರ್ 7ರಂದು ಮದುವೆ. ಅಕ್ಟೋಬರ್ 24ರ ಚಿತ್ರದಲ್ಲಿ ರೋಗಿಯ ಕೋಣೆಯಲ್ಲಿ ಗೆಳೆಯನೊಬ್ಬ ಸಂಗೀತ ನುಡಿಸುತ್ತಿದ್ದಾನೆ. ಮರುದಿನ, ಅಕ್ಟೋಬರ್ 25, ಜೇಮಿಯ ನಲವತ್ತೊಂದನೆಯ ಹುಟ್ಟುಹಬ್ಬ. ಆತ ತೀರಿಕೊಂಡದ್ದೂ ಅಂದೇ. ಆ ದಿನದ ಚಿತ್ರವೂ ಇದೆ.

ಮೊದಲ ದಿನದಿಂದ ಕೊನೆಯ ದಿನದವರೆಗೆ ಪಂಚಾಂಗದಲ್ಲಿ ಎಣಿಸಿದರೆ 6,784 ದಿನ. ಉಳಿದಿರುವ ಚಿತ್ರಗಳು 6,697. ಹದಿನೆಂಟೂವರೆ ವರ್ಷದಲ್ಲಿ ಇಲ್ಲವಾದದ್ದು 87. ಏಕಾದಶಿ ವ್ರತ ಹಿಡಿದವರಿಗೂ ಇಷ್ಟು ಲೋಪ ಕ್ಷಮ್ಯ ಎನ್ನಿ.

ಆಮೇಲಿನ ಕೆಲಸ ಗೆಳೆಯರದು. ಹ್ಯೂ ಕ್ರಾಫರ್ಡ್ ಮತ್ತು ಬೆಟ್ಸಿ ರೀಡ್ ಆ ಹಾಳೆಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಫೋಟೋ ತೆಗೆದರು. ನೆಗೆಟಿವ್ ಇಲ್ಲದ ಚಿತ್ರಕ್ಕೆ ಬೇರೆ ಪ್ರತಿ ಇರಲಿಲ್ಲ. ಆತ ಸತ್ತು ಹತ್ತು ವರ್ಷಕ್ಕೆ, 2007ರಲ್ಲಿ, ಎಲ್ಲವೂ ಶುರುವಾದ ಬಾರ್ಡ್ ಕಾಲೇಜಿನಲ್ಲೇ ಪ್ರದರ್ಶನ ಏರ್ಪಟ್ಟಿತು. ಮರುವರ್ಷ ಪೋಲರಾಯ್ಡ್ ಕಂಪೆನಿ ತನ್ನ ತತ್‌ಕ್ಷಣದ ಫಿಲ್ಮಿನ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ನೆದರ್ಲೆಂಡ್ಸ್‌ನ ಎನ್‌ಸ್ಖೆಡೆಯಲ್ಲಿದ್ದ ಅದರ ಕಾರ್ಖಾನೆಯನ್ನು ಹಳೆಯ ಕೆಲಸಗಾರರೂ ಸೇರಿದ ಒಂದು ಗುಂಪು ಉಳಿಸಿಕೊಂಡು, 2010ರಲ್ಲಿ ಫಿಲ್ಮನ್ನು ಮತ್ತೆ ಮಾರುಕಟ್ಟೆಗೆ ತಂದದ್ದು ಬೇರೆಯೇ ಕಥೆ.

ಬಾರ್ಡ್ ಕಾಲೇಜಿನ ಆ ಪ್ರದರ್ಶನ ಏಳು ಅಡಿ ಎತ್ತರ, ನೂರಿಪ್ಪತ್ತು ಅಡಿ ಉದ್ದ ಹಿಡಿಯಿತು. ಮದುವೆಯ ಚಿತ್ರವೂ ಊಟದ ತಟ್ಟೆಯೂ ಅಲ್ಲಿ ತಾರೀಖಿನ ಪ್ರಕಾರ ತಮ್ಮ ತಮ್ಮ ಸಾಲಿನಲ್ಲಿದ್ದವು.