ಕೆಟ್ಟು ನಿಂತ ಕಾರಿಗೆ ಯಾರು ದಿಕ್ಕು?



ತಾಂಡವಪುರದ ಎಷ್ಟೋ ಮನೆಗಳ ಮುಂದೆ ಇಂದು ಕಾರು ನಿಂತಿದೆ. ಕೊಡಿಸಿದ ಮಗನೋ ಮಗಳೋ ಬೆಂಗಳೂರಿನಲ್ಲಿಯೋ ಇನ್ನೂ ದೂರದಲ್ಲಿಯೋ ಇರುತ್ತಾರೆ. ಓಡಿಸುವವರು ಅರವತ್ತು ದಾಟಿದ ತಂದೆ. ಆಸ್ಪತ್ರೆಗೆಂದು ಮೈಸೂರಿಗೆ, ಶ್ರೀಕಂಠೇಶ್ವರನ ದರ್ಶನಕ್ಕೆಂದು ನಂಜನಗೂಡಿಗೆ, ವರ್ಷಕ್ಕೊಮ್ಮೆ ನೆಂಟರೊಡನೆ ಊಟಿಗೆ. “ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಅಪ್ಪ ಏನು ಮಾಡುತ್ತಾರೆ ಮೇಷ್ಟ್ರೇ? ರೋಡ್‌ಸೈಡ್ ಅಸಿಸ್ಟೆನ್ಸ್ ಮಾಡಿಸೋಣವೆಂದರೆ ಯಾವುದು ಒಳ್ಳೆಯದು?” ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಲೆಕ್ಕದ ಮೇಷ್ಟ್ರಿಗೆ ಕಾರಿನ ಗೊಡವೆ ಏನು ತಿಳಿದೀತು ಎಂಬ ಸಂಶಯ ನಿಮಗೆ ಬರಲಿಲ್ಲವಲ್ಲ, ಅದೇ ಸಂತೋಷ.

ಮಾಡಿಸಿ ಎಂಬುದೇ ನನ್ನ ಅಭಿಪ್ರಾಯ. ಆದರೆ ದರಪಟ್ಟಿಯನ್ನು ನೋಡುವ ಮೊದಲು ನಿಮ್ಮ ತಂದೆಯವರು ಹೋಗಿಬರುವ ರಸ್ತೆಯನ್ನು ನೋಡಿ.

“ಇನ್ಷೂರೆನ್ಸ್ ಇದೆಯಲ್ಲ” ಎನ್ನುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯು ಕಡ್ಡಾಯಗೊಳಿಸಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದು ನಮ್ಮ ವಾಹನದಿಂದ ಇತರರಿಗಾದ ಹಾನಿಗೆ. ಸಮಗ್ರ ಪಾಲಿಸಿಯಲ್ಲಿ ಕಾರನ್ನು ಹತ್ತಿರದ ಗ್ಯಾರೇಜಿಗೆ ಎಳೆದೊಯ್ಯುವ ವೆಚ್ಚಕ್ಕೆ ಸಾಮಾನ್ಯವಾಗಿ 1,500 ರೂಪಾಯಿಗಳ ಮಿತಿಯುಂಟು, ಅದೂ ಅಪಘಾತವಾದರೆ. ಯಾಂತ್ರಿಕ ಅಥವಾ ವಿದ್ಯುತ್ ದೋಷದಿಂದ ಕೆಟ್ಟು ನಿಲ್ಲುವುದನ್ನು ಅದೇ ಪಾಲಿಸಿ ಸ್ಪಷ್ಟವಾಗಿ ಹೊರಗಿಟ್ಟಿದೆ. ಬ್ಯಾಟರಿ ಸತ್ತಿತು, ಕ್ಲಚ್ ಸುಟ್ಟಿತು, ಕೀಲಿಕೈ ಒಳಗೇ ಉಳಿಯಿತು: ಇವು ಯಾವುವೂ ಅಪಘಾತವಲ್ಲ.

ಹೊಸ ಕಾರಾದರೆ ತಯಾರಕರೇ ವಾರಂಟಿಯೊಡನೆ ಈ ಸೇವೆಯನ್ನು ಕೊಟ್ಟಿರುವುದುಂಟು. ಆ ಅವಧಿ ಮುಗಿಯುವ ತನಕ ಇನ್ನೊಂದಕ್ಕೆ ಹಣ ತೆರುವುದು ದಂಡ. ಆಮೇಲೆ ವಿಮೆಯನ್ನು ನವೀಕರಿಸುವಾಗ ಸ್ವಲ್ಪ ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳಬಹುದು. ಇಲ್ಲೊಂದು ಸೂಕ್ಷ್ಮವಿದೆ. ಕಾರು ಹಳತಾದಂತೆ ನಮ್ಮವರು ಸಮಗ್ರ ಪಾಲಿಸಿಯನ್ನು ಬಿಟ್ಟು ಬರೀ ಥರ್ಡ್ ಪಾರ್ಟಿ ಕಟ್ಟುತ್ತಾರೆ. ಸಮಗ್ರ ಪಾಲಿಸಿಗೆ ಅಂಟಿಕೊಂಡಿದ್ದ ಈ ಸೌಲಭ್ಯವೂ ಅದರೊಡನೆ ಹೋಗುತ್ತದೆ. ಕೆಡುವುದು ಹಳೆಯ ಕಾರೇ ತಾನೆ? ಅಂಥವರು ಪ್ರತ್ಯೇಕ ಸದಸ್ಯತ್ವ ಪಡೆಯುವುದು ಲೇಸು. (ಬ್ರಿಟನ್ನಿನ ಹೆಸರಾಂತ ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ ಹುಟ್ಟಿದ್ದು ಕೆಟ್ಟ ಕಾರುಗಳಿಗಾಗಿ ಅಲ್ಲ, ವೇಗ ಹಿಡಿಯಲು ಹೊಂಚುಹಾಕಿದ್ದ ಪೊಲೀಸರ ಬಗ್ಗೆ ಕಾರಿನವರನ್ನು ಎಚ್ಚರಿಸುವುದಕ್ಕಾಗಿ! ರಿಪೇರಿಯ ಸೇವೆ ಆಮೇಲೆ ಬಂದದ್ದು.)

ಇನ್ನು ರಸ್ತೆಯ ಮಾತು. ಮೈಸೂರಿಗೂ ನಂಜನಗೂಡಿಗೂ ಮಧ್ಯೆ ಕಾರು ನಿಂತರೆ ಅಷ್ಟು ಚಿಂತೆಯಿಲ್ಲ. ಜನವಿದ್ದಾರೆ, ಬಸ್ಸಿದೆ, ಪಂಕ್ಚರ್ ಅಂಗಡಿಗಳಿವೆ. ಪರಿಚಯದ ಮೆಕ್ಯಾನಿಕ್ ಒಬ್ಬನ ಮೊಬೈಲ್ ಸಂಖ್ಯೆ ಯಾವ ಕಂಪನಿಯ ಸದಸ್ಯತ್ವಕ್ಕಿಂತಲೂ ಬೇಗ ಕೆಲಸಕ್ಕೆ ಬರುತ್ತದೆ. ಈ ಅಂತರದಲ್ಲೇ ಓಡಾಡುವವರಿಗೆ ಅತಿ ಅಗ್ಗದ ಯೋಜನೆಯೇ ಸಾಕು. ಗುಂಡ್ಲುಪೇಟೆ ದಾಟಿದ ಮೇಲಿನ ಮಾತು ಬೇರೆ. ಬಂಡೀಪುರದ ಕಾಡಿನ ರಸ್ತೆಗಳಲ್ಲಿ 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿಷೇಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಗಿನ 6ರವರೆಗೆ ಊಟಿ ರಸ್ತೆಯಲ್ಲೂ ವಯನಾಡಿನ ರಸ್ತೆಯಲ್ಲೂ ಗೇಟು ಮುಚ್ಚಿರುತ್ತದೆ. ಸಂಜೆ ಏಳೂವರೆಗೆ ಕಾಡಿನ ನಡುವೆ ಕಾರು ನಿಂತು, ಕ್ರೇನ್ ಮೈಸೂರಿನಿಂದಲೇ ಹೊರಡಬೇಕೆಂದಾದರೆ ಗೇಟು ಮುಚ್ಚುವುದರೊಳಗೆ ಅದು ಬಂದೀತೇ? ಆದುದರಿಂದ ಹಣ ಕಟ್ಟುವ ಮುನ್ನವೇ ಕೇಳಬೇಕು: “ನಿಮ್ಮ ಗಾಡಿ ಗುಂಡ್ಲುಪೇಟೆಯಲ್ಲಿದೆಯೋ ಮೈಸೂರಿನಲ್ಲಿದೆಯೋ? ತಮಿಳುನಾಡು, ಕೇರಳದ ಗಡಿಯಾಚೆಗೂ ಬರುತ್ತದೆಯೋ?” ‘ದೇಶಾದ್ಯಂತ ಸೇವೆ’ ಎಂದು ಅಚ್ಚುಹಾಕಿಸಿದ ಮಾತ್ರಕ್ಕೆ ಇದಕ್ಕೆ ಉತ್ತರ ಕೊಟ್ಟಂತಾಗದು.

ಈಗ ಒಂದು ಲೆಕ್ಕ ಮಾಡಿ. ಬಂಡೀಪುರದಿಂದ ಮೈಸೂರಿಗೆ ಸುಮಾರು 80 ಕಿಲೋಮೀಟರ್. ಯೋಜನೆಯಲ್ಲಿ 50 ಕಿಲೋಮೀಟರ್ ಉಚಿತವೆಂದಿದ್ದರೆ 30ಕ್ಕೆ ಕೈಯಿಂದ ಕೊಡಬೇಕು. ಕ್ರೇನ್ ಹೊರಟ ಜಾಗದಿಂದ ಹೋಗಿಬರುವ ದೂರವನ್ನೇ ಅವರು ಎಣಿಸುವುದಾದರೆ 160ರಲ್ಲಿ 50 ಕಳೆದು 110ಕ್ಕೆ! ಒಂದೇ 50, ಉತ್ತರ ಎರಡು. ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಆಟೊಮ್ಯಾಟಿಕ್ ಗೇರಿನ ಕಾರನ್ನೂ ವಿದ್ಯುತ್ ಕಾರನ್ನೂ ಚಕ್ರ ಉರುಳಿಸುತ್ತ ಎಳೆದೊಯ್ದರೆ ಒಳಗಿನ ಯಂತ್ರ ಹಾಳಾಗಬಹುದು. ಅವನ್ನು ಇಡಿಯಾಗಿ ಮೇಲೇರಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಅದೂ ಸೇರಿದೆಯೇ ಎಂದು ಕೇಳಿ. ಹೆದ್ದಾರಿಯ ಸಹಾಯವಾಣಿ 1033 ಇದೆ, ನಿಜ. ಅಡ್ಡ ನಿಂತ ಗಾಡಿಯನ್ನು ಸರಿಸಿ ರಸ್ತೆ ತೆರವು ಮಾಡಿಸುವುದಕ್ಕೆ ಅದು ಒದಗೀತು. ಕಾರನ್ನು ನಿಮ್ಮ ಗ್ಯಾರೇಜಿಗೂ ತಂದೆತಾಯಿಯರನ್ನು ಮನೆಗೂ ಮುಟ್ಟಿಸುವ ಹೊಣೆ ಅದರದಲ್ಲ.

ಎಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆಯೇ. ದೂರದಲ್ಲಿರುವ ನೀವು ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಸದಸ್ಯತ್ವ ಕೊಳ್ಳುತ್ತೀರಿ. ನೋಂದಣಿಯಾಗುವುದು ನಿಮ್ಮದೇ ಸಂಖ್ಯೆ. ಕಾರು ನಿಂತ ಹೊತ್ತಿನಲ್ಲಿ ಒಟಿಪಿ ನಿಮ್ಮ ಮೊಬೈಲಿಗೆ ಬರುತ್ತದೆ, ನೀವು ಮೀಟಿಂಗಿನಲ್ಲಿರುತ್ತೀರಿ. ಅಥವಾ ತಂದೆಯವರು ಕರೆ ಮಾಡಿದಾಗ ಅತ್ತಲಿಂದ ಹಿಂದಿಯೋ ಇಂಗ್ಲಿಷೋ ಕೇಳಿಬರುತ್ತದೆ. ಜೀವಮಾನವೆಲ್ಲ ಬೇಸಾಯ ಮಾಡಿದ ಅವರು “ಹುಲ್ಲಹಳ್ಳಿ ರಸ್ತೆ, ಕಾಲುವೆ ಪಕ್ಕ” ಎಂದು ಯಾರಿಗೆ ಹೇಳಬೇಕು? ಕನ್ನಡದಲ್ಲಿ ಉತ್ತರಿಸುವವರು ಇದ್ದಾರೆಯೇ ಎಂಬುದನ್ನು ಭಾಷಾಭಿಮಾನದಿಂದ ಕೇಳುತ್ತಿಲ್ಲ. ನಿಂತ ಜಾಗ ತಿಳಿಯದೆ ಯಾವ ಕ್ರೇನೂ ಬಾರದು. ಮೊದಲು ತಂದೆಯವರ ಸಂಖ್ಯೆಯನ್ನೇ ನೋಂದಾಯಿಸಿ. ಸಹಾಯದ ಸಂಖ್ಯೆಯನ್ನೂ ಸದಸ್ಯತ್ವದ ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಅವರ ಕೈಯಿಂದಲೇ ಒಮ್ಮೆ ಕರೆ ಮಾಡಿಸಿ ನೋಡಿ. ತಂದೆಯವರ ಸಂಖ್ಯೆಯನ್ನು ನೋಂದಾಯಿಸಿಕೊಳ್ಳಲು ಒಪ್ಪದ ಸಂಸ್ಥೆಯ ಸದಸ್ಯತ್ವ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ನಾನಂತೂ ಬೇಡವೆಂದೇ ಹೇಳುತ್ತೇನೆ.