ಎಲೆಮರೆಯ ಕಾಯಿ ಅನ್ನಬೇಡಿ

ಹೊಗಳಿಕೆಯ ವೇಷ ಹಾಕಿಕೊಂಡು ಬರುವ ಕೆಲವು ಮಾತುಗಳು ನಮ್ಮಲ್ಲಿವೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ‘ಎಲೆಮರೆಯ ಕಾಯಿ’. ಸನ್ಮಾನ ಸಮಾರಂಭಗಳಲ್ಲಿ, ಬೀಳ್ಕೊಡುಗೆ ಭಾಷಣಗಳಲ್ಲಿ, ಶಾಲು ಹೊದಿಸುವ ಮುನ್ನ ಈ ಮಾತು ಬಂದೇ ಬರುತ್ತದೆ. ಮೂವತ್ತು ವರ್ಷ ದುಡಿದವಳ ಹೆಸರನ್ನು ಒಂದು ದಿನವೂ ಎತ್ತದೆ ಇದ್ದವರು, ಕೊನೆಗೆ ಅದನ್ನೇ ಅವಳ ದೊಡ್ಡ ಗುಣವೆಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಕಾಯಿ ತಾನಾಗಿಯೇ ಎಲೆಯ ಮರೆಗೆ ಹೋಗಿ ಕೂತಿತೆ? ಎಲೆ ಸರಿಸಿ ನೋಡುವ ಕಷ್ಟ ನಮಗೆ ಬೇಡವಾಗಿತ್ತು, ಅಷ್ಟೆ.

ಈ ಮಾತು ಮಾಡಿರುವ ಅನ್ಯಾಯವನ್ನು ಕಣ್ಣಾರೆ ನೋಡಬೇಕಾದರೆ ಕಬಡ್ಡಿಯ ಅಂಕಣದ ಬದಿಯಲ್ಲಿ ಕೂರಬೇಕು. ಸಮಾಜ ವಿಜ್ಞಾನದ ಟೀಚರಮ್ಮನಿಗೆ ಕಬಡ್ಡಿಯ ಗೊಡವೆ ಏಕೆ ಎಂದು ಸ್ಟಾಫ್ ರೂಮಿನಲ್ಲೂ ಕೇಳಿದ್ದಾರೆ. ನಾನು ಭದ್ರಾವತಿಯಲ್ಲಿ ಹುಟ್ಟಿ ಬೆಳೆದು, ಶಿವಮೊಗ್ಗದಲ್ಲಿ ಪಾಠ ಹೇಳುತ್ತ ಬಂದವಳು. ಕ್ರೀಡಾಕೂಟವೆಂದರೆ ಹುಡುಗಿಯರ ಜೊತೆಗೆ ಒಬ್ಬ ಲೇಡಿ ಟೀಚರ್ ಹೋಗಲೇಬೇಕು ಎನ್ನುವ ಕಾರಣಕ್ಕೆ ನೆಹರೂ ಕ್ರೀಡಾಂಗಣದ ಬಿಸಿಲಿನಲ್ಲಿ ಅದೆಷ್ಟೋ ದಿನ ಕೂತಿದ್ದೇನೆ. ಕೂತವಳು ಆಟ ಕಲಿಯದೆ ಇರುತ್ತಾಳೆಯೆ?

ಕಬಡ್ಡಿಯ ಲೆಕ್ಕ ಬಹಳ ಸರಳ. ಒಂದು ಕಡೆಗೆ 7 ಜನ. ಎದುರು ತಂಡದಿಂದ ಒಬ್ಬಳು ‘ಕಬಡ್ಡಿ, ಕಬಡ್ಡಿ’ ಎನ್ನುತ್ತ ಒಳಗೆ ಬರುತ್ತಾಳೆ. ಅವಳಿಗೆ 30 ಸೆಕೆಂಡು ಕಾಲ. ಈ ಕಡೆಯ ಒಬ್ಬಳನ್ನು ಮುಟ್ಟಿ ತನ್ನ ಅಂಕಣಕ್ಕೆ ಮರಳಿದರೆ ಅವಳ ತಂಡಕ್ಕೆ ಒಂದು ಅಂಕ. ಅವಳನ್ನು ಹಿಡಿದು ನಿಲ್ಲಿಸಿದರೆ ಈ ತಂಡಕ್ಕೂ ಒಂದೇ ಅಂಕ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ ಹಿಡಿದರೆ ಎರಡು. ಅಂದರೆ ನಿಯಮದ ಪುಸ್ತಕ ದಾಳಿಗೂ ಹಿಡಿತಕ್ಕೂ ಭೇದ ಮಾಡಿಲ್ಲ. ಮಾಡಿರುವುದು ನಮ್ಮ ಬಾಯಿ. ಆಟ ಮುಗಿದ ಮೇಲೆ ಹೆಗಲ ಮೇಲೆ ಹೊತ್ತು ಕುಣಿಯುವುದು ಯಾರನ್ನು? ದಾಳಿ ಮಾಡಿದವಳನ್ನು.

‘ಹಿಡಿಯೋದೇನು ಮಹಾ? ಏಳು ಜನ ಬಿದ್ದು ಒಬ್ಬಳನ್ನ ಅಮುಕೋದು’ ಎನ್ನುವವರಿದ್ದಾರೆ. ಅವರು ಒಮ್ಮೆ ಮೂಲೆಯಲ್ಲಿ ನಿಂತವಳನ್ನು ನೋಡಲಿ. ಅವಳ ಕಣ್ಣು ಎದುರಾಳಿಯ ಮುಖದ ಮೇಲಿರುವುದಿಲ್ಲ, ಕಾಲಿನ ಮೇಲಿರುತ್ತದೆ. ಬೋನಸ್ ಗೆರೆಗೆ ಕಾಲು ಚಾಚಿದ ಆ ಗಳಿಗೆಯಲ್ಲಿ ಪಾದದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಬೇಕು. ಅರ್ಧ ಉಸಿರು ಮೊದಲಾದರೆ ಅವಳೇ ಔಟು. ಅರ್ಧ ಉಸಿರು ತಡವಾದರೆ ಕಾಲು ಅಲ್ಲಿರುವುದಿಲ್ಲ. ಅವಳು ಹಿಡಿದ ಮೇಲಷ್ಟೇ ಉಳಿದವರು ಬಂದು ಸುತ್ತುವರಿಯಬೇಕು. ಒಬ್ಬಳು ಅವಸರಪಟ್ಟರೆ ಬಂದವಳು ಮೂವರನ್ನು ಮುಟ್ಟಿಕೊಂಡು ಹೋಗುತ್ತಾಳೆ. ಕಾಯುವುದು, ಅಳೆಯುವುದು, ನುಗ್ಗುವುದು ಮೂರೂ ಬಲ್ಲವಳ ಕೆಲಸ ಇದು.

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಡ ಮೂಲೆಯಲ್ಲಿ ಆಡುತ್ತಿದ್ದಳು. ತಾಲ್ಲೂಕು ಮಟ್ಟದ ಫೈನಲ್ಲಿನಲ್ಲಿ ಎದುರು ತಂಡದ ಪ್ರಚಂಡ ದಾಳಿಗಾರ್ತಿಯನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದವಳು ಅವಳೇ. ಮಾರನೇ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅದರಲ್ಲಿ ಇಬ್ಬರು ದಾಳಿಗಾರ್ತಿಯರ ಹೆಸರಿತ್ತು, ‘ಇತರರು ಉತ್ತಮ ಸಾಥ್ ನೀಡಿದರು’ ಎಂದಿತ್ತು. ಅವಳ ಅಪ್ಪ ಆ ಕಾಗದ ಹಿಡಿದುಕೊಂಡೇ ಶಾಲೆಗೆ ಬಂದರು. “ಮೇಡಂ, ನಮ್ಮ ಹುಡುಗಿ ನಿಜವಾಗ್ಲೂ ಆಡಿದ್ಲಾ? ಹೆಸರೇ ಇಲ್ವಲ್ಲ. ಬೆಂಚಿನ ಮೇಲೆ ಕೂರೋದಕ್ಕೆ ಅಷ್ಟು ದೂರ ಯಾಕೆ ಕಳಿಸ್ಲಿ?” ಎಂದರು. ನಾನು ಆಟವನ್ನೆಲ್ಲ ವಿವರಿಸಿದೆ. ಅವರು ಮರ್ಯಾದೆಯಿಂದ ತಲೆಯಾಡಿಸಿದರು. ಹತ್ತನೇ ತರಗತಿಯಲ್ಲಿ ಅವಳು ಮೈದಾನಕ್ಕೆ ಬರಲಿಲ್ಲ. ಆ ಅಪ್ಪನನ್ನು ನಾನು ದೂರುವುದಿಲ್ಲ. ‘ಇತರರು’ ಎಂಬ ನಾಲ್ಕಕ್ಷರದಲ್ಲಿ ಮಗಳನ್ನು ಹುಡುಕಿಕೊಳ್ಳಿ ಎಂದು ಯಾವ ತಂದೆಗೆ ಹೇಳುವುದು?

ಲೆಕ್ಕಕ್ಕೆ ಸಿಕ್ಕಿದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ ಎನ್ನುವುದು ನಮ್ಮ ಭದ್ರಾವತಿಗೆ ಚೆನ್ನಾಗಿ ಗೊತ್ತು. 1949ರಲ್ಲಿ ನಮ್ಮೂರಿನಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟಿನಲ್ಲೇ 137 ರನ್ ಹೊಡೆದದ್ದನ್ನು, ಬ್ಯಾಟು ಮುಟ್ಟದವರೂ ಬಾಯಿಪಾಠವಾಗಿ ಹೇಳುತ್ತಾರೆ. ಅಂಕಿ ಇದ್ದುದರಿಂದ ಹೆಮ್ಮೆಗೊಂದು ಹಿಡಿ ಸಿಕ್ಕಿತು. ಇನ್ನು ಕಬ್ಬಿಣದ ಕಾರ್ಖಾನೆಯ ಊರಿನವರಿಗೆ ಹಾಜರಿ ಪುಸ್ತಕದ ಬೆಲೆಯನ್ನು ಬೇರೆ ಹೇಳಬೇಕೆ? ಹಾಜರಿ ಬೀಳದ ದಿನಕ್ಕೆ ಸಂಬಳವಿಲ್ಲ. ಕುಲುಮೆಯ ಮುಂದೆ ನಿಂತವನಿಗೆ, ‘ನೀನು ಎಲೆಮರೆಯ ಕಾಯಿಯಪ್ಪ, ನಿನಗೇಕೆ ಹಾಜರಿ’ ಎಂದಿದ್ದರೆ ಅವನು ಸುಮ್ಮನಿರುತ್ತಿದ್ದನೆ?

ಇದು ನಮ್ಮ ಜಿಲ್ಲೆಯ ಕಾಯಿಲೆ ಮಾತ್ರವಲ್ಲ. ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎದುರು ತಂಡದ ಸಾಲಿಗೆ ಮುಖಕೊಟ್ಟು ಬಗ್ಗಿ ನಿಲ್ಲುವ ದಢೂತಿ ಆಳುಗಳಿಗೆ ಅಲ್ಲಿ ಡಿಫೆನ್ಸಿವ್ ಲೈನ್‌ಮನ್ ಎಂದು ಹೆಸರು. ಎದುರಿನ ಸಾಲನ್ನು ಭೇದಿಸಿ, ಚೆಂಡು ಎಸೆಯಲು ಸಿದ್ಧನಾದವನನ್ನು ಕೆಡವುವುದು ಅವರ ಕೆಲಸ. ನಮ್ಮ ಮೂಲೆಯ ಹುಡುಗಿಯ ಅಣ್ಣಂದಿರು ಎನ್ನಿ. ಹಾಗೆ ಕೆಡವುವುದಕ್ಕೆ ‘ಸ್ಯಾಕ್’ ಎಂಬ ಹೆಸರನ್ನು ಚಾಲ್ತಿಗೆ ತಂದವನು ಡೀಕನ್ ಜೋನ್ಸ್. ಅವನು 1961ರಿಂದ 1974ರವರೆಗೆ ಆಡಿದ. ಅಲ್ಲಿನ ಲೀಗು ಸ್ಯಾಕನ್ನು ಆಟಗಾರನ ಹೆಸರಿನಲ್ಲಿ ಅಧಿಕೃತವಾಗಿ ಬರೆದಿಡಲು ತೊಡಗಿದ್ದು 1982ರಲ್ಲಿ! ಹೆಸರಿಟ್ಟವನ ಹೆಸರಿನ ಮುಂದೆಯೇ ಅಧಿಕೃತ ಲೆಕ್ಕವಿಲ್ಲ.

ಆ ಸಾಲಿನಲ್ಲೇ ನಿಂತ ಇನ್ನೊಬ್ಬರು ಅಲನ್ ಪೇಜ್. 1971ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಕೊಡುವ, ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಗೌರವ ಅವರಿಗೆ ಬಂತು. ತಡೆಯುವ ಆಟಗಾರನೊಬ್ಬನಿಗೆ ಅದು ದೊರೆತದ್ದು ಅದೇ ಮೊದಲು. ಅವರು ಆಡುತ್ತಲೇ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. 1993ರಿಂದ 2015ರವರೆಗೆ ಮಿನ್ನೆಸೋಟಾ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ‘ಮೈಬಲದ ಆಟ ಆಡುವವರಿಗೆ ಓದು ಹತ್ತುವುದಿಲ್ಲ’ ಎನ್ನುವ ನನ್ನ ಸಹೋದ್ಯೋಗಿಗಳಿಗೆ ಈ ಕಥೆಯನ್ನು ನಾನು ಆಗಾಗ ಹೇಳುತ್ತಿರುತ್ತೇನೆ.

ನಮ್ಮ ದೇಶದಲ್ಲೂ ತಡೆಯುವವರಿಗೆ ಬೆಲೆ ಬಂದಿಲ್ಲವೆ ಎಂದು ನೀವು ಕೇಳಬಹುದು. ಬಂದಿದೆ, ಗಂಡಸರಿಗೆ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ, 2018ರ ಹರಾಜಿನಲ್ಲಿ ಮೊದಲು ಒಂದು ಕೋಟಿ ರೂಪಾಯಿ ಮುಟ್ಟಿದವನು ಇರಾನಿನ ಹಿಡಿತಗಾರ ಫಜಲ್ ಅತ್ರಾಚಲಿ. ಹೆಂಗಸರದ್ದು? 2016ರಲ್ಲಿ ಅದೇ ವೇದಿಕೆಯಲ್ಲಿ ಮೂರು ತಂಡಗಳ ಮಹಿಳಾ ಪಂದ್ಯಾವಳಿಯೊಂದು ನಡೆಯಿತು. ಅದರ ಮೂವರು ನಾಯಕಿಯರಲ್ಲಿ ಇಬ್ಬರು ನಮ್ಮ ಕರ್ನಾಟಕದವರೇ, ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ. 2010ರ ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಚಿನ್ನ ಗೆದ್ದ ತಂಡದಲ್ಲಿದ್ದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಆ ಫೈನಲ್ಲು 24–23ರಲ್ಲಿ ಮುಗಿಯಿತು. ಅದಕ್ಕಿಂತ ರೋಚಕವಾದ ಆಟ ಬೇಕೆ? ಆದರೂ ಆ ಪಂದ್ಯಾವಳಿ ಒಂದೇ ವರ್ಷಕ್ಕೆ ನಿಂತುಹೋಯಿತು. ಗಂಡಸರದ್ದು 2025ಕ್ಕೆ 12 ಆವೃತ್ತಿ ಮುಗಿಸಿತು.

2023ರ ಅಕ್ಟೋಬರಿನಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಮ್ಮ ಹೆಣ್ಣುಮಕ್ಕಳು ತೈವಾನಿನ ತಂಡವನ್ನು 26–25ರಲ್ಲಿ ಸೋಲಿಸಿದರು. ಆ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ 100ನೇ ಪದಕ ಅದೇ. ನಾಯಕಿ ರಿತು ನೇಗಿ ಹಿಮಾಚಲದವಳು, ಹಿಡಿತಗಾರ್ತಿ. ಒಂದೇ ಒಂದು ಅಂಕದ ಗೆಲುವು. ಅಂಥ ಆಟದಲ್ಲಿ ಯಾವ ಹಿಡಿತವನ್ನು ಬಿಟ್ಟು ಲೆಕ್ಕ ಮಾಡುತ್ತೀರಿ?

ತಾಯಂದಿರ ಭಯ ನನಗೆ ಗೊತ್ತು. “ಮಂಡಿ ಗಿಂಡಿ ಮುರ್ಕೊಂಡ್ರೆ ನಾಳೆ ಯಾರು ಮದ್ವೆ ಆಗ್ತಾರೆ ಮೇಡಂ?” ಎಂದು ಕೇಳುತ್ತಾರೆ. ಮದುವೆಯ ಮಾತು ಬಿಡಿ, ಮಂಡಿಯ ಮಾತು ನಿಜ. ಅಮೆರಿಕದ ಆ ಲೀಗಿನಲ್ಲಿ ಆಡಿ ತೀರಿಕೊಂಡ 111 ಜನರ ಮೆದುಳನ್ನು ಪರೀಕ್ಷಿಸಿದ ಬಾಸ್ಟನ್ ವಿಶ್ವವಿದ್ಯಾಲಯದವರು, 110ರಲ್ಲಿ ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಕಾಯಿಲೆಯ ಗುರುತನ್ನು ಕಂಡರೆಂದು 2017ರಲ್ಲಿ ಪ್ರಕಟವಾಯಿತು. ಅವು ದಾನವಾಗಿ ಬಂದ ಮೆದುಳುಗಳು, ಎಲ್ಲ ಆಟಗಾರರಿಗೂ ಆ ಲೆಕ್ಕ ಹೊಂದುವುದಿಲ್ಲ. ಕಬಡ್ಡಿ ಅಷ್ಟು ಕ್ರೂರವಾದ ಆಟವೂ ಅಲ್ಲ. ಆದರೆ ಎದುರಿನಿಂದ ಓಡಿ ಬರುವವಳ ಭಾರವನ್ನು ಮೈಮೇಲೆ ತೆಗೆದುಕೊಳ್ಳುವವಳು ಹಿಡಿತಗಾರ್ತಿಯೇ. ಅವಳ ಹೆಸರನ್ನೇ ಬರೆಯದವರು ಅವಳ ಮಂಡಿಯನ್ನು ವಿಚಾರಿಸುತ್ತಾರೆಯೆ? ಲೆಕ್ಕಕ್ಕೆ ಬಂದರೆ ಮಾತ್ರ ಅವಳಿಗೆ ಮ್ಯಾಟ್ ಬೇಕು, ನೀ ಕ್ಯಾಪ್ ಬೇಕು, ಬಿದ್ದಾಗ ನೋಡಲು ಯಾರಾದರೂ ಇರಬೇಕು ಎಂಬ ಮಾತು ಹುಟ್ಟುತ್ತದೆ. ಕಲ್ಲು ಆರಿಸದ ಮೈದಾನದಲ್ಲಿ ಆಡಿಸಿ, ಗಾಯವಾದ ಮೇಲೆ ಮನೆಯಲ್ಲಿ ಕೂರಿಸುವುದು ಕಾಳಜಿಯಲ್ಲ.

ನಾನು ದೊಡ್ಡದೇನನ್ನೂ ಕೇಳುತ್ತಿಲ್ಲ. ಶಾಲೆಯ ಪಂದ್ಯಗಳಲ್ಲಿ ಯಾರು ಎಷ್ಟು ಹಿಡಿದರೆಂದು ಹೆಸರಿನ ಮುಂದೆ ಬರೆಯಿರಿ. ಪತ್ರಿಕೆಗೆ ವರದಿ ಕಳಿಸುವಾಗ ಆ ಹೆಸರನ್ನೂ ಕಳಿಸಿ. ‘ಇತರರು’ ಎಂಬ ಪದವನ್ನು ಹೊಡೆದು ಹಾಕಿ. ಬಹುಮಾನದ ದಿನ ಉತ್ತಮ ದಾಳಿಗಾರ್ತಿಗೆ ಕೊಡುವಷ್ಟೇ ಎತ್ತರದ ಕಪ್ಪನ್ನು ಉತ್ತಮ ಹಿಡಿತಗಾರ್ತಿಗೂ ಕೊಡಿ. ಇದಕ್ಕೆಲ್ಲ ಸರ್ಕಾರದ ಆದೇಶ ಬೇಕಾಗಿಲ್ಲ, ಒಂದು ಪೆನ್ನು ಸಾಕು.

ಇನ್ನು ನೀವು, ತಾಯಂದಿರು. ಮುಂದಿನ ಸಲ ಮಗಳು ಮೈತುಂಬ ಮಣ್ಣು ಮಾಡಿಕೊಂಡು ಬಂದಾಗ ‘ಗೆದ್ದಿರಾ?’ ಎಂದು ಕೇಳಿ ಸುಮ್ಮನಾಗಬೇಡಿ. ‘ನೀನು ಎಷ್ಟು ಜನರನ್ನ ಹಿಡಿದೆ?’ ಎಂದು ಕೇಳಿ. ಅವಳು ಹೇಳಿದ ಸಂಖ್ಯೆಯನ್ನು ಅವಳ ಅಪ್ಪನಿಗೂ ಹೇಳಿ.